ಪರನಾಡಿನಲ್ಲಿ ಫಲಿಸಿದ ವಿದ್ಯೆ

ದೇವಳಾಲಿ ಕ್ಯಾಂಪಿನ ನೆರೆಯ ನಾಸಿಕದಲ್ಲಿ ಬಹುಕಾಲ ಕಬಡ್ಡಿ ಕಲಿಸಿದ ಶ್ರೀಮತಿ ಶೈಲಜಾ ಜೈನ್ ಅವರು ೨೦೧೭ರಲ್ಲಿ ಇರಾನಿಗೆ ತೆರಳಿ, ಅಲ್ಲಿಯ ಮಹಿಳಾ ತಂಡದ ತರಬೇತಿಯ ಹೊಣೆ ಹೊತ್ತರು. ೨೦೧೮ರ ಆಗಸ್ಟ್ ೨೪ರಂದು, ಜಕಾರ್ತಾದ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ, ಆ ತಂಡವು ಭಾರತವನ್ನು ೨೭–೨೪ ಅಂಕಗಳಿಂದ ಸೋಲಿಸಿತು. ೨೦೧೦ರಲ್ಲಿಯೂ ೨೦೧೪ರಲ್ಲಿಯೂ ಸ್ವರ್ಣ ಗಳಿಸಿದ್ದ ನಮ್ಮ ವನಿತೆಯರಿಗೆ ಈ ಬಾರಿ ರಜತವೇ ದಕ್ಕಿತು.

ತಾಯ್ನಾಡಿನ ವಿದ್ಯೆಯನ್ನು ಎದುರಾಳಿಗೆ ಧಾರೆಯೆರೆಯಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಅದನ್ನು ದ್ರೋಹವೆನ್ನಲು ನಾವು ಸಿದ್ಧರಿಲ್ಲ. ಉಡುಪಿಯ ಪಾಕವಿದ್ಯೆಯನ್ನು ಪರಊರಿನಲ್ಲಿ ಉಣಬಡಿಸಿ ಬದುಕು ಕಟ್ಟಿಕೊಂಡ ನಾವು ಆ ಮಾತನ್ನು ಯಾವ ಬಾಯಿಂದ ಆಡೋಣ? ನಮ್ಮ ಕರ್ನಾಟಕದ ಶ್ರೀ ಬಿ. ಸಿ. ರಮೇಶರು ಪ್ರೊ ಕಬಡ್ಡಿಯಲ್ಲಿ ೨೦೧೯ರಲ್ಲಿ ಬಂಗಾಳದ ತಂಡಕ್ಕೂ ೨೦೨೪ರಲ್ಲಿ ಪುಣೆಯ ತಂಡಕ್ಕೂ ತರಬೇತಿಯಿತ್ತು ಪ್ರಶಸ್ತಿ ಗೆಲ್ಲಿಸಿದಾಗ ನಾವು ಹೆಮ್ಮೆಪಟ್ಟೆವು. ಅಲ್ಲಿ ಹೆಮ್ಮೆ, ಇಲ್ಲಿ ಮುನಿಸು ಎಂಬ ಎರಡು ತಕ್ಕಡಿ ಸಲ್ಲದು.

ಆಟಗಾರನ ಕಾಲು ದಣಿದ ಮೇಲೆ ಕಲಿಸುವುದೇ ಅವನ ಅನ್ನ. ಕಲಿಸುವವರನ್ನು ಉಳಿಸಿಕೊಳ್ಳಬೇಕಾದರೆ ಅವರಿಗೆ ಮನ್ನಣೆಯನ್ನೂ ವೇತನವನ್ನೂ ಇಲ್ಲಿಯೇ ಕೊಡಬೇಕು. ದೂಷಣೆಯಿಂದ ಯಾರೂ ಉಳಿಯರು.

ನಮ್ಮ ಪಾಲಿನ ಕೆಲಸ ಅಲ್ಪವಾದರೂ ಸಾಧ್ಯವಾದುದು. ಹೋಟೆಲಿನ ಮಾಲೀಕರು ಸಂಜೆಯ ಗಿರಾಕಿ ಸೇರುವ ಮುನ್ನ ಹುಡುಗರನ್ನು ಒಂದು ಗಂಟೆ ಮೈದಾನಕ್ಕೆ ಬಿಡಲಿ. ಆಟ ಬಲ್ಲ ಗುಮಾಸ್ತರು ರಜೆಯ ದಿನ ಕಲಿಸಲಿ. ಕನ್ನಡದ ಹುಡುಗನೂ ಮರಾಠಿ ಹುಡುಗನೂ ಒಂದೇ ತಂಡದಲ್ಲಿ ಕೈಹಿಡಿದು ನಿಲ್ಲಲಿ. ವಿದ್ಯೆ ಹಂಚಿದಷ್ಟೂ ಬೆಳೆಯುತ್ತದೆ. ಬಚ್ಚಿಟ್ಟರೆ ತುಕ್ಕು ಹಿಡಿಯುತ್ತದೆ.