ದುಡಿದ ಎಂಜಿನ್ನಿಗೆ ಪರಂಪರೆಯ ಪಟ್ಟವಿಲ್ಲವೇ?

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆಂದು ನಿಯಮ ಹೊರಡಿಸಿತು. ಎರಡು ಅಥವಾ ನಾಲ್ಕು ಚಕ್ರದ ವಾಹನಕ್ಕೆ 50 ವರ್ಷ ದಾಟಿರಬೇಕು, ಅದು ಮೂಲ ರೂಪದಲ್ಲಿಯೇ ಇರಬೇಕು, ಗಣನೀಯ ಓವರ್‌ಹಾಲ್ ಆಗಿರಬಾರದು ಎನ್ನುತ್ತದೆ ಆ ನಿಯಮ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಮಾಡಿದ ಮಾರ್ಪಾಡೂ ಈ ಓವರ್‌ಹಾಲ್‌ನಲ್ಲೇ ಸೇರುತ್ತದೆ. ಓದಲು ಎಷ್ಟು ಚೆಂದ! ಆದರೆ ದುಡಿದ ಎಂಜಿನ್ನನ್ನು ಒಮ್ಮೆಯಾದರೂ ಬಿಚ್ಚಿ ನೋಡಿದವರು ಹೀಗೆ ಬರೆಯಲಾರರು.

ಮಹೀಂದ್ರ ಕಂಪನಿ 1960ರ ದಶಕದಲ್ಲಿ ವಿಲ್ಲಿಸ್ ವಿನ್ಯಾಸದಂತೆ ತಯಾರಿಸತೊಡಗಿದ ಎಫ್‌ಸಿ-150 ಪಿಕಪ್ಪನ್ನೇ ನೋಡಿ. ಅದರ ಹರಿಕೇನ್ ಪೆಟ್ರೋಲ್ ಎಂಜಿನ್ನಿಗೆ ನಾಲ್ಕು ಸಿಲಿಂಡರು, ಸುಮಾರು 2.2 ಲೀಟರ್ ಗಾತ್ರ. ಇನ್‌ಲೆಟ್ ವಾಲ್ವುಗಳು ಮೇಲೆ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವುಗಳು ಕೆಳಗೆ ಬ್ಲಾಕ್‌ನಲ್ಲಿ. ಮೇಲಿನ ಕವರ್ ತೆಗೆದು ಒಂದು ಸಾಲಿನ ಗ್ಯಾಪು, ಪಕ್ಕದ ಕವರ್ ತೆಗೆದು ಇನ್ನೊಂದು ಸಾಲಿನ ಗ್ಯಾಪು ಹೊಂದಿಸಬೇಕು. ಗ್ಯಾಪು ತೀರ ಕಡಿಮೆಯಾದರೆ ಎಕ್ಸಾಸ್ಟ್ ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ. ವರ್ಷಗಟ್ಟಲೆ ಹೊರೆ ಹೊತ್ತ ಮೇಲೆ ರಿಂಗು ಸವೆಯುತ್ತದೆ, ಸಿಲಿಂಡರು ದುಂಡಗೆ ಉಳಿಯುವುದಿಲ್ಲ, ಎಂಜಿನ್ ಆಯಿಲ್ ಕುಡಿದು ನೀಲಿ ಹೊಗೆ ಉಗುಳುತ್ತದೆ. ಆಗ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸದೆ ಗತಿಯಿಲ್ಲ.

ಅಂಥ ಪಿಸ್ಟನ್ನುಗಳು ಗ್ಯಾರೇಜಿನವರ ಕಿತಾಪತಿಯಲ್ಲ. ಇಂಚಿನ ಸಾವಿರದಲ್ಲಿ 20, 30 ಭಾಗ ದೊಡ್ಡದಾಗಿ ಅವು ಬಿಡಿಭಾಗವಾಗಿಯೇ ಮಾರಾಟವಾಗುತ್ತಿದ್ದವು. ಎಂಜಿನ್ ಸವೆಯುತ್ತದೆ, ಅದನ್ನು ಕೊರೆದು ಮತ್ತೆ ಕಟ್ಟುತ್ತಾರೆ ಎಂಬುದು ವಿನ್ಯಾಸ ಮಾಡಿದವನಿಗೇ ಗೊತ್ತಿತ್ತು. ಹಾಗಾದರೆ ಓವರ್‌ಹಾಲ್ 'ಮೂಲ ರೂಪ'ಕ್ಕೆ ಹೊರಗಿನದು ಹೇಗಾಯಿತು?

ನನ್ನ ಪಿಎಚ್‌.ಡಿ. ವಿಷಯ ಗ್ರಂಥಸಂಪಾದನೆ. ಪಂಪ ತನ್ನ ಕೈಯಾರೆ ಬರೆದ ಓಲೆ ನಮ್ಮಲ್ಲಿಲ್ಲ. ಗರಿಗಳನ್ನು ಹುಳು ತಿಂದಂತೆಲ್ಲ ಯಾರೋ ಹೊಸ ಗರಿಯ ಮೇಲೆ ಪ್ರತಿ ಮಾಡಿದ್ದರಿಂದ ಅವನು ನಮಗೆ ಸಿಕ್ಕಿದ. ಪ್ರತಿಕಾರರು ತಪ್ಪು ಮಾಡಿದ್ದಾರೆ, ನಿಜ. ಅದಕ್ಕೆಂದು ಪ್ರತಿಗಳನ್ನು ನಾವು ಬಿಸಾಡಲಿಲ್ಲ. ಪಾಠಾಂತರ ಗುರುತಿಸುವುದನ್ನು ಕಲಿತೆವು. ಓಲೆಗೆ ಕೊಡುವ ಈ ಮರ್ಯಾದೆ ಕಬ್ಬಿಣಕ್ಕೆ ಯಾಕಿಲ್ಲ?

ನಿಯಮದ ಪರ ನಿಂತವರು ದುರಸ್ತಿ ಬೇರೆ, ಮಾರ್ಪಾಡು ಬೇರೆ ಎನ್ನಬಹುದು. ಒಪ್ಪಿದೆ. ಆದರೆ ಆ ಗೆರೆಯನ್ನು ನಿಯಮವೇ ಸ್ಪಷ್ಟವಾಗಿ ಎಳೆಯಬೇಕಿತ್ತು. ಅದು ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಹಾಕಿದೆ. ಹಳೆಯ ಎಂಜಿನ್ ಹೊಗೆ ಕಾರುತ್ತದೆ ಎಂಬ ಆಕ್ಷೇಪವೂ ಇದೆ. ಹೊಸ ಗಾಡಿಯಷ್ಟು ಅದು ಶುಚಿಯಲ್ಲ ನಿಜ. ಆದರೆ ಬೋರ್ ಮಾಡಿಸಿದ ಎಂಜಿನ್ನಿಗಿಂತ ಸವೆದ ಎಂಜಿನ್ನೇ ಹೆಚ್ಚು ಹೊಗೆ ಬಿಡುತ್ತದೆ. ಓವರ್‌ಹಾಲ್ ಮಾಡಿಸಬೇಡಿ ಎನ್ನುವುದೆಂದರೆ ಹೊಗೆಯನ್ನೇ ಪರಂಪರೆ ಎಂದಂತೆ.

ಕೊನೆಗೆ ಈ ನಿಯಮದಿಂದ ಲಾಭ ಯಾರಿಗೆ? ಬಂಗಲೆಯ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿದ್ದ ಕಾರಿಗೆ. ತರಕಾರಿ, ಗೊಬ್ಬರ, ಇಟ್ಟಿಗೆ ಹೊತ್ತು, ಎರಡು ಸಲ 'ಎಂಜಿನ್ ಕೆಲಸ' ಮಾಡಿಸಿಕೊಂಡ ಪಿಕಪ್ಪು ತನ್ನ ದುಡಿಮೆಯ ಗುರುತಿಗಾಗಿಯೇ ಅನುಮಾನಕ್ಕೆ ಗುರಿಯಾಗುತ್ತದೆ. ಅದನ್ನು ಬದುಕಿಸಿದ ಮೇಸ್ತ್ರಿಯ ಹೆಸರಂತೂ ಯಾವ ದಾಖಲೆಯಲ್ಲೂ ಇಲ್ಲ.

ನಿಯಮ ಬದಲಾಗಲಿ: ಯಾವ ವರ್ಷ ಏನು ದುರಸ್ತಿಯಾಯಿತು, ಯಾರ ಕೈಯಲ್ಲಿ ಆಯಿತು ಎಂಬ ದಾಖಲೆಯೇ ಅರ್ಹತೆಯಾಗಲಿ. ನಮ್ಮ ವಿಭಾಗಗಳೂ ಬದಲಾಗಲಿ. ವೃತ್ತಿಪದಕೋಶ ಎಂದರೆ ಕುಂಬಾರ, ನೇಕಾರರಿಗೇ ನಿಲ್ಲುವುದು ಬೇಡ. ಕಾರ್ಬ್ಯುರೇಟರ್ ಹೊಂದಿಸುತ್ತ ಕಿವಿಯಲ್ಲೇ ಎಂಜಿನ್ನಿನ ರೋಗ ಹಿಡಿಯುವ ಮೇಸ್ತ್ರಿಗಳು ಇನ್ನೂ ಇದ್ದಾರೆ. ಅವರ ಕನ್ನಡವನ್ನು ಬರೆದಿಟ್ಟುಕೊಳ್ಳಲು ನಾವು ಇನ್ನೆಷ್ಟು ದಿನ ಕಾಯುವುದು?