ಹಿತ್ತಿಲು ಆರಿಸಿಕೊಟ್ಟ ಹುಳಿ

ಹೊರಗೆ ಜಡಿಮಳೆ, ಒಳಗೆ ಒಲೆಯ ಮೇಲೆ ಕುದಿಯುವ ಹುಳಿಸಾರು. ಫಿಲಿಪ್ಪೀನ್ಸ್‌ನ ಮನೆಗಳಲ್ಲಿ ಮಳೆಗಾಲದ ನೆಮ್ಮದಿಯೆಂದರೆ ಇದೇ. ಆ ಸಾರಿನ ಹೆಸರು ಸಿನಿಗಾಂಗ್. ತಗಾಲೊಗ್ ಭಾಷೆಯಲ್ಲಿ ‘ಸಿಗಾಂಗ್’ ಎಂದರೆ ನೀರಿನಲ್ಲಿ ಬೇಯಿಸುವುದು. ‘ಸಿನಿಗಾಂಗ್’ ಎಂದರೆ ಹಾಗೆ ಬೇಯಿಸಿದ್ದು. ಹೆಸರಿನಲ್ಲಿ ಹುಳಿಯ ಸುಳಿವಿಲ್ಲ. ಆದರೆ ಹುಳಿಯಿಲ್ಲದ ಸಿನಿಗಾಂಗನ್ನು ಅಲ್ಲಿ ಯಾರೂ ಒಪ್ಪಲಾರರು.

ಯಾವ ಹುಳಿಯೆಂಬುದನ್ನು ಹಿತ್ತಿಲೇ ನಿರ್ಧರಿಸುತ್ತದೆ. ಹುಣಸೆಯಿದ್ದಲ್ಲಿ ಹಸಿ ಹುಣಸೆಕಾಯಿ, ಅವರ ಮಾತಿನಲ್ಲಿ ಸಂಪಲೊಕ್. ಇಲ್ಲವಾದರೆ ಕಾಮಿಯಾಸ್, ಅದು ನಮ್ಮ ಕರಾವಳಿಯ ಬಿಂಬುಳಿಯೇ. ಎಳೆ ಮಾವಿನಕಾಯಿಯೂ ಆದೀತು. ಅದಕ್ಕಿರುವ ‘ಮಂಗ್ಗಾ’ ಎಂಬ ಹೆಸರು ತಮಿಳಿನ ಮಾಂಗಾಯ್ ಎಂಬುದರಿಂದ ಹೊರಟು ಮಲಾಯ್ ಭಾಷೆಯ ಮೂಲಕ ಅಲ್ಲಿಗೆ ಸೇರಿದ್ದು. ಸ್ಪೇನಿನವರ ಆಳ್ವಿಕೆಯಲ್ಲಿ ಅಮೆರಿಕದಿಂದ ಬಂದ ಪೇರಳೆಯ ಮಾಗಿದ ಹಣ್ಣನ್ನು ಹಾಕಿದರೆ ಸಾರಿಗೆ ಸಿಹಿಬೆರೆತ ಹುಳಿ. ಹೊರಗಿನಿಂದ ಬಂದ ಹಣ್ಣನ್ನೂ ಈ ಸಾರು ತನ್ನದಾಗಿಸಿಕೊಂಡಿತು. ಆಹಾರ ಸಂಸ್ಕೃತಿಯ ಕುರಿತು ಬರೆದ ಡೊರೀನ್ ಫರ್ನಾಂಡೆಜ್ ಅವರು ‘ಸಿನಿಗಾಂಗೇ ಏಕೆ?’ ಎಂದು ಒಂದು ಪ್ರಬಂಧವನ್ನೇ ರಚಿಸಿದ್ದಾರೆ.

ಮಾಡುವ ಕ್ರಮ ಸರಳ. ಒಂದೂವರೆ ಲೀಟರ್ ಅಕ್ಕಿ ತೊಳೆದ ನೀರು. ಮೊದಲ ತೊಳೆಯನ್ನು ಚೆಲ್ಲಿ ಎರಡನೆಯದನ್ನು ಇಟ್ಟುಕೊಳ್ಳಬೇಕು. ಅದರಲ್ಲಿ ಒಂದು ಈರುಳ್ಳಿ, ಎರಡು ಟೊಮೇಟೊ ಮತ್ತು ಕೆಸುವಿನ ಗಡ್ಡೆಯ ಹೋಳುಗಳು ಬೇಯಲಿ. ಗಡ್ಡೆ ಕರಗಿ ಸಾರು ತುಸು ದಪ್ಪವಾಗುತ್ತದೆ. ಬಳಿಕ ಮೂಲಂಗಿ, ಅಲಸಂಡೆ, ಎರಡು ಹಸಿಮೆಣಸು. ಬೇರೊಂದು ಪಾತ್ರೆಯಲ್ಲಿ 200 ಗ್ರಾಂ ಹಸಿ ಹುಣಸೆಕಾಯಿಯನ್ನು ಮೆತ್ತಗಾಗುವವರೆಗೆ ಕುದಿಸಿ, ಕಿವುಚಿ, ಸೋಸಿದ ರಸವನ್ನು ತರಕಾರಿ ಬೆಂದ ಮೇಲಷ್ಟೇ ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಹುಳಿ ಮೊದಲೇ ಬಿದ್ದರೆ ಹೋಳು ಬೇಯದೆಂಬುದನ್ನು ಸಾಂಬಾರು ಮಾಡುವವರಿಗೆ ಹೇಳಿಕೊಡಬೇಕಾಗಿಲ್ಲ. ಅರ್ಧ ಕಿಲೋ ಮೀನನ್ನು ಹಾಕುವುದಾದರೆ ಈಗ ಹಾಕಿ ಹತ್ತು ನಿಮಿಷ ಕುದಿಸಿದರೆ ಸಾಕು. ಹಂದಿಮಾಂಸವಾದರೆ ಮೊದಲೇ ಬೇಯಬೇಕು. ಕೊನೆಗೆ ಸೊಪ್ಪು. ಅಲ್ಲಿ ನೀರಿನಲ್ಲಿ ಬೆಳೆಯುವ ಕಾಂಗ್‌ಕೊಂಗ್. ಇಲ್ಲಿ ಹರಿವೆ ಸಲ್ಲುತ್ತದೆ. ಉಪ್ಪಿಗೆ ಅವರು ಪಾಟಿಸ್ ಎಂಬ ಮೀನಿನ ರಸವನ್ನು ಬಳಸುತ್ತಾರೆ. ಸಸ್ಯಾಹಾರಿಗಳಿಗೆ ಬರಿಯ ಉಪ್ಪು ಸಾಕು. ಅನ್ನದೊಡನೆ ಬಿಸಿಯಾಗಿಯೇ ಉಣ್ಣಬೇಕು.

ಇಂದು ಮನಿಲಾದಲ್ಲಿಯೂ ಪರದೇಶಗಳಲ್ಲಿ ದುಡಿಯುವ ಫಿಲಿಪಿನೋಗಳ ಮನೆಗಳಲ್ಲಿಯೂ ಹುಣಸೆಪುಡಿಯ ಪೊಟ್ಟಣ ಸಾಮಾನ್ಯ. ಅದನ್ನು ಹಳಿಯುವಂತಿಲ್ಲ, ಹುಣಸೆಮರವೇ ಇಲ್ಲದ ಊರಿನಲ್ಲಿ ಅದೇ ಈ ಸಾರನ್ನು ಉಳಿಸಿದೆ. ಆದರೆ ಪೊಟ್ಟಣದ ಹುಳಿ ಎಂದಿಗೂ ಒಂದೇ. ಕಾಯಿಯ ಹುಳಿ ದಿನಕ್ಕೊಂದು, ಮರಕ್ಕೊಂದು. ಅದನ್ನು ನಾಲಗೆಯೇ ಅಳೆಯಬೇಕು. ಕಾಯಿಯನ್ನು ಎಂದೂ ಕಿವುಚದ ಮಗುವಿಗೆ ‘ಸಂಪಲೊಕ್’ ಎಂಬುದು ಪೊಟ್ಟಣದ ಮೇಲಿನ ಮುದ್ರಿತ ಪದವಾಗಿ ಮಾತ್ರ ಉಳಿಯುತ್ತದೆ.

ಗಡಿಯಾಚೆಯ ಕನ್ನಡ ಮನೆಗಳಿಗೆ ಈ ಮಾತು ಅಪರಿಚಿತವಲ್ಲ. ಕಾಸರಗೋಡಿನ ಹಿತ್ತಿಲುಗಳಲ್ಲಿ ಬಿಂಬುಳಿ ಉದುರಿ ಕೊಳೆಯುವುದುಂಟು. ಮುಂದಿನ ರಜಾದಿನ ಮಕ್ಕಳೇ ಅದನ್ನು ಆಯ್ದು ತಂದು ಈ ಸಾರಿಗೆ ಹಾಕಲಿ. ಎಷ್ಟು ಸಾಕೆಂಬುದನ್ನು ಅವರೇ ರುಚಿನೋಡಿ ಹೇಳಲಿ. ಬಿಂಬುಳಿಯೆಂಬ ಹೆಸರು ನಾಲಗೆಯ ಮೇಲೆ ಉಳಿಯಬೇಕಾದರೆ ಅದರ ಹುಳಿಯೂ ಒಮ್ಮೆ ನಾಲಗೆಗೆ ತಾಗಬೇಕು.