ವೇಗವೊಂದೇ ಮಾನದಂಡವೇ?

ಉಪಕರಣದೊಳಗೆ ಅಡಗಿ ಅದನ್ನು ನಡೆಸುವ ಪುಟ್ಟ ಗಣಕವೇ ಮೈಕ್ರೊಕಂಟ್ರೋಲರ್. ವಿಜ್ಞಾನ ಪ್ರದರ್ಶನಕ್ಕೆಂದು ಅದನ್ನು ಕೊಳ್ಳಹೊರಟ ವಿದ್ಯಾರ್ಥಿಯು ಮೊದಲು ವಿಚಾರಿಸುವುದು ಬೆಲೆಯನ್ನು, ಅನಂತರ ಮೆಗಾಹರ್ಟ್ಸನ್ನು. ಈ ಕ್ರಮವೇ ಸರಿಯಲ್ಲ. ಅದರಿಂದ ಆಗಬೇಕಾದ ಕಾರ್ಯವಾವುದೆಂಬ ವಿಚಾರ ಮೊದಲಾಗಬೇಕು.

ಮಣ್ಣಿನ ತೇವವನ್ನಳೆದು ಪಂಪು ನಡೆಸುವ ಸಾಧನಕ್ಕೆ 8 ಬಿಟ್‌ನ, 16 ಮೆಗಾಹರ್ಟ್ಸಿನ ಹಳೆಯ ಆರ್ಡುಯಿನೊ ಊನೊ ಧಾರಾಳವಾಗಿ ಸಾಕು. ಮಣ್ಣು ಒಣಗಲು ಗಂಟೆಗಳೇ ಬೇಕಷ್ಟೆ. ಧ್ವನಿಯನ್ನು ಗ್ರಹಿಸಿ ವಿಶ್ಲೇಷಿಸುವ ಕಾರ್ಯವಾದರೋ ಬೇರೆ. ಸೆಕೆಂಡಿಗೆ 8000 ಮಾದರಿಗಳನ್ನು ಒಂದೊಂದು ಬೈಟಿನಂತೆ ಕೂಡಿಡಹೋದರೆ ಊನೊದ 2 ಕಿಲೊಬೈಟ್ ಸ್ಮೃತಿಯು ಕಾಲು ಸೆಕೆಂಡಿನಲ್ಲಿಯೇ ತುಂಬಿಹೋಗುತ್ತದೆ. 2021ರಲ್ಲಿ 4 ಡಾಲರ್ ಬೆಲೆಗೆ ಹೊರಬಂದ ರಾಸ್‌ಬೆರಿ ಪೈ ಪೀಕೊದಲ್ಲಿ 264 ಕಿಲೊಬೈಟ್ ಸ್ಮೃತಿಯೂ 133 ಮೆಗಾಹರ್ಟ್ಸ್‌ವರೆಗೆ ಓಡುವ ಎರಡು ಸಂಸ್ಕಾರಕಗಳೂ ಇವೆ. ಅರ್ಧ ನಿಮಿಷದ ಧ್ವನಿ ಅದರಲ್ಲಿ ಹಿಡಿಯುತ್ತದೆ. ಇಲ್ಲಿ ವೇಗಕ್ಕಿಂತ ಮೊದಲು ನೆರವಿಗೆ ಬಂದುದು ಸ್ಮೃತಿ ಎಂಬುದು ಗಮನಾರ್ಹ. ಇಂಥ ಪ್ರಯೋಗಕ್ಕೆ ಊನೊವನ್ನೇ ನೆಚ್ಚಿ ವಾರಗಟ್ಟಲೆ ಹೆಣಗುವುದು ಮಿತವ್ಯಯವೆನಿಸದು.

ಹಾಗೆಂದು ಪೀಕೊ ನಿರ್ದುಷ್ಟವೇನೂ ಅಲ್ಲ. ದಶಮಾಂಶ ಸಂಖ್ಯೆಗಳ ಗಣಿತಕ್ಕೆ ಅದರಲ್ಲಿ ಪ್ರತ್ಯೇಕ ಅಂಗವಿಲ್ಲ. ಆ ಲೆಕ್ಕವೆಲ್ಲ ತಂತ್ರಾಂಶದಿಂದಲೇ ನಡೆಯಬೇಕಾಗಿ ಓಟ ಕುಗ್ಗುತ್ತದೆ. 2024ರಲ್ಲಿ 5 ಡಾಲರಿಗೆ ಬಂದ ಪೀಕೊ 2 ಈ ಕೊರತೆಯನ್ನು ನೀಗಿಸಿತು. ಇನ್ನೊಂದು ಮಾತನ್ನು ಅಂಗಡಿಯವರು ಹೇಳುವುದು ಅಪರೂಪ. ಪೀಕೊದ ಪಿನ್ನುಗಳು 3.3 ವೋಲ್ಟಿನವು. ಊನೊಗೆಂದು ತಂದಿದ್ದ 5 ವೋಲ್ಟಿನ ಸೆನ್ಸರನ್ನು ನೇರವಾಗಿ ಅದಕ್ಕೆ ಜೋಡಿಸಿದರೆ ಚಿಪ್ ಕೆಟ್ಟೀತು. ವೋಲ್ಟೇಜನ್ನು ತಗ್ಗಿಸಲು ಬಹುಮಟ್ಟಿಗೆ ಎರಡು ರೆಸಿಸ್ಟರುಗಳು ಸಾಕು; ಆದರೆ ಅವನ್ನು ಪೀಕೊ ಜೊತೆಯಲ್ಲಿಯೇ ಕೊಂಡಿರಬೇಕು.